ಸಿಮೆಂಟ್ ಇಂಗ್ಲಿಷರ ಸ್ವತ್ತಲ್ಲ ಸ್ವಾಮಿ!

ನಮಸ್ಕಾರ, ಬನ್ನಿ. ಹೋದ ವಿಡಿಯೋ ನೋಡಿ ಒಬ್ಬರು ಸಿಟ್ಟಾಗಿದ್ದಾರೆ. "ಮಾತಿಗೊಂದು ಸಲ ಸಿಮೆಂಟ್ ಅಂತೀರಲ್ಲ, ಇಂಗ್ಲಿಷ್ ಬಿಟ್ಟು ಕನ್ನಡ ಮಾತಾಡಿ" ಅಂತೆ.

ಸ್ವಾಮಿ, ಸಿಮೆಂಟ್ ಇಂಗ್ಲಿಷರದ್ದಲ್ಲ. ಅವರು ಅದನ್ನು ಫ್ರೆಂಚರಿಂದ ಕಡ ತಂದರು. ಫ್ರೆಂಚರಿಗೆ ಅದು ಬಂದಿದ್ದು ಲ್ಯಾಟಿನ್ನಿನ 'ಕೈಮೆಂಟುಮ್'ನಿಂದ. ಅದಕ್ಕೆ ಅರ್ಥ ಏನು ಗೊತ್ತಾ? ಪುಡಿಯಲ್ಲ, ಅಂಟಲ್ಲ, ಕಡಿದ ಕಲ್ಲಿನ ಚೂರು! ರೋಮಿನವರು ಸುಣ್ಣಕ್ಕೆ ಇಟಲಿಯ ಪೊಜ್ಜುವೋಲಿ ಊರಿನ ಜ್ವಾಲಾಮುಖಿ ಬೂದಿ ಬೆರೆಸಿ, ಆ ಗಾರೆಯಲ್ಲಿ ಕಲ್ಲುಚೂರು ತುಂಬಿ ಗೋಡೆ ಎಬ್ಬಿಸುತ್ತಿದ್ದರು. ಬರುಬರುತ್ತಾ ಜಲ್ಲಿಯ ಹೆಸರು ಗಾರೆಗೇ ಅಂಟಿಕೊಂಡಿತು. ಅಂದರೆ ಇಂಗ್ಲಿಷರು ತಂದಿದ್ದು ಕಡ, ಅದೂ ಅರ್ಥ ತಪ್ಪಿದ ಮೇಲೆ!

ಇನ್ನು ಪೋರ್ಟ್‌ಲ್ಯಾಂಡ್ ಸಿಮೆಂಟ್. 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್ ಲೀಡ್ಸ್ ಊರಿನ ಇಟ್ಟಿಗೆ ಕೆಲಸದವನು. ಗಟ್ಟಿಯಾದ ಮೇಲೆ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ದ್ವೀಪದ ಕಲ್ಲಿನ ಹಾಗೆ ಕಾಣುತ್ತೆ ಅಂತ ಆ ಹೆಸರಿಟ್ಟ. ಪುಡಿ ಅವನದ್ದು ಅನ್ನಿ, ಒಪ್ಪುತ್ತೇನೆ. ಸಿಮೆಂಟ್ ಅನ್ನೋ ಮಾತು ಅವನದ್ದಲ್ಲ! ತುರ್ಕಿಯಲ್ಲಿ ಚಿಮೆಂಟೊ, ಜಪಾನಿನಲ್ಲಿ ಸೆಮೆಂತೊ. ಅಲ್ಲಿ ಯಾರಾದರೂ "ನಮ್ಮ ಭಾಷೆ ಹೋಯ್ತು" ಅಂತ ಎದೆ ಬಡಿದುಕೊಂಡರಾ?

"ಗಾರೆ ಅನ್ನಬಹುದಲ್ವಾ?" ಅಂತ ಇನ್ನೊಬ್ಬರು. ಗಾರೆ ಎಲ್ಲಿಗೆ ಹೋಗಿದೆ? ಮೇಸ್ತ್ರಿ ಕರಣೆ ಹಿಡಿದು ಸಿಮೆಂಟ್ ಮೆತ್ತಿದರೂ ಅದು ಗಾರೆ ಕೆಲಸವೇ. ಬಾಂಡ್ಲಿಯಲ್ಲಿ ಕಲಸಿದ್ದು ಗಾರೆ, ಚೀಲದಲ್ಲಿ ಬಂದಿದ್ದು ಸಿಮೆಂಟ್. ಎರಡಕ್ಕೂ ಕೆಲಸ ಇದೆ. ಬೇಕಾದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಐವತ್ತು ಕೆಜಿ ಬಂಧಕ ಚೂರ್ಣ ಕೊಡಿ" ಅನ್ನಿ. ಪಕ್ಕದ ಆಯುರ್ವೇದದ ಅಂಗಡಿ ತೋರಿಸುತ್ತಾರೆ.

ಕನ್ನಂಬಾಡಿ ಕಟ್ಟೆಗೆ ಹಾಕಿದ್ದು ಸುರ್ಕಿ ಗಾರೆ, ಸುಣ್ಣ ಮತ್ತು ಇಟ್ಟಿಗೆ ಪುಡಿ. ಸುರ್ಕಿ ಪರ್ಷಿಯನ್ ಮಾತು. ಈಗೇನು, ಕಟ್ಟೆ ಒಡೆಸೋಣವಾ?

ಮತ್ತೆ ಹೇಳುತ್ತೇನೆ, ಸಿಮೆಂಟ್ ಇಂಗ್ಲಿಷರದ್ದಲ್ಲ! ಯಾಕೆ ಅಂದರೆ... ಅಲ್ಲ ಅಷ್ಟೇ. ಸುಮ್ನೆ ಜಗಳಕ್ಕೆ ಬರಬೇಡಿ. ಬರೋದಾದರೆ ಸಬ್‌ಸ್ಕ್ರೈಬ್ ಮಾಡಿ ಬನ್ನಿ, ಗಂಟೆ ಒತ್ತಿ. ಮುಂದಿನ ಸಲ ಚಾವಿ. ಅದೂ ಲ್ಯಾಟಿನ್ ಸಂತಾನ, ಪೋರ್ಚುಗೀಸರ ಹಡಗಿನಲ್ಲಿ ಬಂದಿದ್ದು. ಬೈಯೋರು ಈಗಲೇ ಟೈಪ್ ಮಾಡಿಟ್ಟುಕೊಳ್ಳಿ.