ಒಬ್ಬನನ್ನು ಹಿಡಿಯಿರಿ, ಅವನ ಹಿಂದೆ ಹೋಗಿ

ದಾವಣಗೆರೆ, ಚಿತ್ರದುರ್ಗ ಕಡೆಯ ಕೇಳುಗರಿಗೆ ನಮಸ್ಕಾರ. ಪುಸ್ತಕ ಕೂಡಿಡುವ ಹವ್ಯಾಸದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಹೇಳೋದು ಒಂದೇ ಮಾತು. ಒಬ್ಬ ಲೇಖಕನನ್ನು ಹಿಡಿಯಿರಿ, ಅವನ ಕಥೆಗಳಿಂದ ಹುಟ್ಟಿದ ಬೇರೆಯವರ ಪುಸ್ತಕಗಳನ್ನೂ ಹುಡುಕಿ. ಸಿಕ್ಕಿದ್ದೆಲ್ಲ ಕೊಂಡು ಸುಮ್ನೆ ಬೀರು ತುಂಬಿಸಬೇಡಿ.

ನಾನು ಹಿಡಿದದ್ದು ಎಡ್ಗರ್ ಅಲನ್ ಪೋ. ಅಮೆರಿಕದವನು. 1809ರಲ್ಲಿ ಹುಟ್ಟಿ ನಲವತ್ತಕ್ಕೇ ತೀರಿಕೊಂಡ. ಅವನ ಕಥೆಗಳಲ್ಲಿ ಇರೋದು ಪಾಳು ಬಂಗಲೆ, ಜೀವಂತ ಸಮಾಧಿ, ನೆಲದಡಿ ಬಡಿದುಕೊಳ್ಳುವ ಗುಂಡಿಗೆ. ದೆವ್ವ ಕಮ್ಮಿ, ಹೆದರಿಕೆ ಜಾಸ್ತಿ.

1838ರಲ್ಲಿ ಅವನದೊಂದು ಕಾದಂಬರಿ ಬಂತು. ಪಿಮ್ ಎಂಬ ಹುಡುಗ ಹಡಗಿನಲ್ಲಿ ಅಡಗಿ ಕೂತು ಹೊರಡುತ್ತಾನೆ. ಕೊನೆಗೆ ದಕ್ಷಿಣದ ಸಮುದ್ರದಲ್ಲಿ ಎದುರಿಗೆ ದೈತ್ಯಾಕಾರದ ಬೆಳ್ಳನೆಯ ಆಕೃತಿ ಎದ್ದು ನಿಲ್ಲುತ್ತದೆ. ಅಷ್ಟೇ, ಕಥೆ ಬಂದ್! ಮುಂದೇನಾಯ್ತು ಅಂತ ತಲೆ ಕೆಡುತ್ತೆ, ಅಲ್ವಾ?

ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಹಳೇ ಪೇಪರ್ ಅಂಗಡಿ. ತಕ್ಕಡಿ ಪಕ್ಕದ ರಾಶಿಯಲ್ಲಿ ರಟ್ಟು ಕಿತ್ತುಹೋದ ಇಂಗ್ಲಿಷ್ ಪುಸ್ತಕ ಕಂಡಿತು. "ಅದು ಹರಿದೈತಿ ಸಾರ್, ಬೇರೆ ನೋಡ್ರಿ" ಅಂದರು ಅಂಗಡಿಯವರು. ಪೇಪರ್ ಕಟ್ಟಿನ ಮೇಲೆ ಕೂತು ಪುಟ ತಿರುವಿದೆ. ಅದರಲ್ಲೊಬ್ಬ ಕ್ಯಾಪ್ಟನ್. ಪಿಮ್ ಕಥೆ ಕಟ್ಟುಕಥೆಯಲ್ಲ, ನಡೆದದ್ದೇ ಅಂತ ಅವನ ಹಠ. ಯಾಕೆ ಗೊತ್ತಾ? ಪೋ ಬರೆದ ಕಥೆಯಲ್ಲಿ ಪಿಮ್‌ನನ್ನು ದಕ್ಷಿಣಕ್ಕೆ ಒಯ್ದ ಹಡಗಿನ ಕ್ಯಾಪ್ಟನ್ ಇವನ ಒಡಹುಟ್ಟಿದವನು! ಅವನನ್ನು ಹುಡುಕಲು ಇವನು ಹೊರಟಿದ್ದಾನೆ. ಬರೆದವನು ಜೂಲ್ಸ್ ವರ್ನ್, 1897ರಲ್ಲಿ. ಪೋ ಅರ್ಧಕ್ಕೆ ಬಿಟ್ಟ ಕಥೆಯನ್ನು ಫ್ರಾನ್ಸಿನವನೊಬ್ಬ ಮುಂದುವರಿಸಿದ್ದ. ನನ್ನ ಮುಖ ನೋಡಿ ಅಂಗಡಿಯವರು ತೂಕದ ಮಾತು ಬಿಟ್ಟು ಬೇರೆಯೇ ರೇಟು ಹೇಳಿದರು. ಕೊಟ್ಟೆ.

ಇದಕ್ಕೇ ಟೈಮ್ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. 1936ರಲ್ಲಿ ಬಂದ ಒಂದು ಕಥೆಯಲ್ಲಿ ಲವ್‌ಕ್ರಾಫ್ಟ್ ಎಂಬ ಅಮೆರಿಕದ ಭಯಾನಕ ಕಥೆಗಾರ ನಮ್ಮನ್ನು ಅದೇ ದಕ್ಷಿಣದ ಹಿಮದ ನಾಡಿಗೆ ಕರೆದೊಯ್ದ. ಪಿಮ್ ಕೇಳಿದ ವಿಚಿತ್ರ ಕೂಗು ಅದರಲ್ಲೂ ಕೇಳುತ್ತದೆ. 1887ರ ಮೊದಲ ಕಥೆಯಲ್ಲೇ ಷರ್ಲಾಕ್ ಹೋಮ್ಸ್ ಪೋ ಸೃಷ್ಟಿಸಿದ ಪತ್ತೇದಾರನ ಬಗ್ಗೆ ಕೀಳಾಗಿ ಮಾತಾಡುತ್ತಾನೆ. ಅದೂ ನನ್ನ ಬೀರುವಿನಲ್ಲಿದೆ. ನೋಡಿ, ಒಬ್ಬನನ್ನು ಹಿಡಿದರೆ ಇಷ್ಟು ಜನ ಬರುತ್ತಾರೆ.

ಎಲ್ಲರೂ ಕೇಳುವ ಪ್ರಶ್ನೆ, ಮೊದಲ ಮುದ್ರಣವೇ ಬೇಕಾ ಅಂತ. ಬೇಡ ಸ್ವಾಮಿ! 1827ರಲ್ಲಿ ಬಂದ ಪೋನ ಮೊದಲ ಪುಸ್ತಕದ ಪ್ರತಿಗಳು ಇಡೀ ಪ್ರಪಂಚದಲ್ಲಿ ಗೊತ್ತಿರುವುದೇ ಹತ್ತು ಹನ್ನೆರಡು. ನಮ್ಮ ಜೇಬಿಗೆ ಆಗುವ ಮಾತಾ? ಹಳೇ ಪೇಪರ್‌ಬ್ಯಾಕ್ ಸಾಕು. ಹರಿದಿದ್ದರೆ ಸೆಲ್ಲೋ ಟೇಪ್ ಮಾತ್ರ ಹಚ್ಚಬೇಡಿ, ಕಾಗದ ಹಳದಿಯಾಗುತ್ತೆ.

ಮೊದಲು ಪಿಮ್ ಓದಿ, ಆಮೇಲೆ ವರ್ನ್. ಉಲ್ಟಾ ಬೇಡ. ವರ್ನ್ ಮಹಾಶಯ ಒಂದು ಅಧ್ಯಾಯದಲ್ಲಿ ಪಿಮ್ ಕಥೆಯನ್ನೆಲ್ಲ ಹೇಳಿಬಿಡುತ್ತಾನೆ. ನಮಸ್ಕಾರ.