ಸ್ವೆಟರ್ ಹಾಕಿಕೊಂಡು ಬಿಲಕ್ಕೆ ಇಳಿದದ್ದು

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮಗಳೂರಿನವರಿಗೆ ಗುಹೆ ಅಂದರೆ ಚಳಿ, ಅಲ್ವಾ? ಮುಳ್ಳಯ್ಯನಗಿರಿಯಲ್ಲಾಗಲಿ ಬಾಬಾಬುಡನ್‌ಗಿರಿಯಲ್ಲಾಗಲಿ ಬಗ್ಗಿ ಒಳಗೆ ಹೋದರೆ ಕಲ್ಲು ಮುಟ್ಟಿದ ಕೈ ತಣ್ಣಗಾಗುತ್ತದೆ. ಅದೇ ಲೆಕ್ಕದಲ್ಲಿ ಆಂಧ್ರದ ಬೇಲಂ ಗುಹೆಗೆ ಹೊರಟಾಗ ನಾನು ಸ್ವೆಟರ್ ಹಾಕಿಕೊಂಡೆ. ದೊಡ್ಡಮ್ಮ ಮಂಕಿ ಟೋಪಿ ಬೇರೆ ತುಂಬಿಕೊಂಡಿದ್ದರು.

ಒಳಗೆ ಇಳಿದು ಹತ್ತು ನಿಮಿಷ ಆಗಿಲ್ಲ, ಬೆವರು ಕಿತ್ತುಕೊಂಡು ಬಂತು. ಅಷ್ಟು ಆಳದಲ್ಲಿ ಗಾಳಿ ಆಡೋದಿಲ್ಲ, ತೇವ ಜಾಸ್ತಿ. ಅದಕ್ಕೇ ಅಲ್ಲಲ್ಲಿ ಪೈಪಿನಲ್ಲಿ ಮೇಲಿನ ಗಾಳಿ ಬಿಡುತ್ತಾರೆ. ನಾನು ಒಂದೊಂದು ಪೈಪಿನ ಕೆಳಗೂ ನಿಂತೆ.

ಬೇಲಂ ಅನ್ನೋ ಹೆಸರು ಬಂದದ್ದು 'ಬಿಲಂ' ಇಂದ, ನಮ್ಮ ಇಲಿ ಬಿಲ ಅಂತೀವಲ್ಲ, ಅದೇ ಬಿಲ. ಕೊರೆದದ್ದು ಮಾತ್ರ ನೀರು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೋಡಾದ ಹಾಗೆ ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ನಮ್ಮ ಬೆಟ್ಟದ ಕಲ್ಲು ಹಾಗೆ ಕರಗೋದಲ್ಲ, ಅದಕ್ಕೇ ನಮ್ಮ ಗುಹೆಗಳು ನಾಲ್ಕು ಹೆಜ್ಜೆಗೆ ಮುಗಿದುಹೋಗುತ್ತವೆ. ಇಲ್ಲಿ ಅಳೆದಿರೋದೇ 3,229 ಮೀಟರ್! ನಮ್ಮಂಥವರಿಗೆ ಬಿಡೋದು ಒಂದೂವರೆ ಕಿಲೋಮೀಟರ್. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದರ ಬಗ್ಗೆ ಬರೆದಿದ್ದರು, ಆಮೇಲೆ ಸುಮಾರು ನೂರು ವರ್ಷ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 1982ರಿಂದ ಜರ್ಮನಿಯ ಗುಹೆ ಶೋಧಕ ಗೆಬಾವರ್ ಅವರ ತಂಡ ಬಂದು ಒಳಗೆಲ್ಲ ತೆವಳಿ ನಕ್ಷೆ ಮಾಡಿತು. ಜನರಿಗೆ ತೆರೆದದ್ದು 2002ರಲ್ಲಿ.

ಗೈಡ್ ಇಲ್ಲದೆ ಹೋಗಬೇಡಿ. ದಾರಿ ತಪ್ಪುತ್ತದೆ ಅಂತ ಅಲ್ಲ, ದೀಪ ಹಾಕಿದ್ದಾರೆ. ಆದರೆ ಸುಮ್ನೆ ನೋಡಿದರೆ ಎಲ್ಲ ಕಲ್ಲೂ ಒಂದೇ ಥರ. ನಮ್ಮ ಗೈಡ್ ಹುಡುಗ ಸಪ್ತಸ್ವರದ ಗುಹೆಯಲ್ಲಿ ಗೆಣ್ಣಿನಿಂದ ಒಂದು ಕಲ್ಲು ತಟ್ಟಿದ, ಠಣ್ ಅಂತ ಹಿತ್ತಾಳೆ ಬಿಂದಿಗೆ ಬಡಿದ ಹಾಗೆ ಕೇಳಿಸಿತು. ಪಕ್ಕದ್ದು ತಟ್ಟಿದರೆ ಬೇರೆ ಸದ್ದು. ನಾನು ಮೇಲಿಂದ ಇಳಿಬಿದ್ದ ಇನ್ನೊಂದು ಕಲ್ಲಿಗೆ ಕೈ ಚಾಚಿದ್ದಕ್ಕೆ ಮಾತ್ರ ಬೈದ. ತೊಟ್ಟಿಕ್ಕೋ ನೀರಿನ ಸುಣ್ಣ ಕೂತು ಕೂತು ಬೆಳೆಯೋ ಕಲ್ಲು ಅದು, ಕೈಯ ಜಿಡ್ಡು ಅಂಟಿದರೆ ಅಲ್ಲಿ ಬೆಳೆಯೋದು ನಿಲ್ಲುತ್ತದಂತೆ.

46 ಮೀಟರ್ ಆಳದಲ್ಲಿರೋ ಪಾತಾಳಗಂಗೆ ಅನ್ನೋ ಪುಟ್ಟ ತೊರೆಗೆ ಇಳಿಯೋ ದಾರಿಯಲ್ಲಿ ಚಾವಣಿ ತಗ್ಗು. ನನ್ನ ತಲೆ ಎರಡು ಸಲ ಬಡಿಯಿತು. ಹಿಂದೆ ತಿರುಗಿದರೆ ದೊಡ್ಡಮ್ಮ ಆ ಸೆಖೆಯಲ್ಲೂ ಮಂಕಿ ಟೋಪಿ ಹಾಕಿಕೊಂಡು, ಒಳಗೆ ಕರ್ಚೀಫು ಮಡಿಸಿಟ್ಟು, ಆರಾಮಾಗಿ ಬರ್ತಾ ಇದ್ದರು.