ಈ ಚಾದ ನೀರು ಎಲ್ಲಿಯದು?

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ಗುಡ್ಡಗಳ ನಡುವೆ ಒಂದು ನಡಿಗೆ. ಭೂವಿಜ್ಞಾನದವನು ಮಾತಾಡುತ್ತಾನೆ ಅಂದ ಕೂಡಲೇ ರೇಡಿಯೊದ ಕಿವಿ ತಿರುಪುವವರು ಇರುತ್ತಾರೆ, ಗೊತ್ತು. ಸ್ವಲ್ಪ ತಡೆಯಿರಿ. ಇವತ್ತು ನಾನು ಹೇಳುವುದು ಒಂದೇ ಮಾತು. ಊರಿಂದ ಊರಿಗೆ ನಡೆದುಕೊಂಡು ಹೋಗಿ. ದಾರಿಯಲ್ಲಿ ಚಾ ಕುಡಿಯಿರಿ. ಕುಡಿಯುವಾಗ "ಈ ಚಾದ ನೀರು ಎಲ್ಲಿಯದು?" ಎಂದು ಕೇಳಿ. ಅಷ್ಟೇ. ಉಳಿದದ್ದೆಲ್ಲ ಒಗ್ಗರಣೆ.

ಈ ಪ್ರಶ್ನೆ ನನಗೆ ಹುಟ್ಟಿದ್ದು ನಮ್ಮ ಕಾಸರಗೋಡಿನಲ್ಲಲ್ಲ, ಕಲಬುರಗಿ ಕಡೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಲ್ಕು ವರ್ಷ ಅಲ್ಲಿದ್ದೆ. ಶಹಾಬಾದ್, ಮಳಖೇಡ, ಸೇಡಂ, ಕಾಗಿಣಾ ನದಿಯ ದಂಡೆ. ಎಲ್ಲಿ ನೋಡಿದರೂ ಸುಣ್ಣಕಲ್ಲು. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೆಯಲ್ಲ, ಅದೇ. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ಕೂತದ್ದೂ ಅದಕ್ಕಾಗಿಯೇ. ಹಳ್ಳಿಯಿಂದ ಹಳ್ಳಿಗೆ ಬ್ಯಾಗು, ಸುತ್ತಿಗೆ ಹಿಡಿದು ನಡೆಯುತ್ತಿದ್ದೆವು. ಹಳ್ಳಿಗೊಂದು ಚಹಾದ ಅಂಗಡಿ. ಅಲ್ಲಿ "ಚಾ" ಅಂದರೆ ನಗುತ್ತಾರೆ, "ಚಹಾ" ಅನ್ನಬೇಕು. ಹಾಲು ಹಾಕದ ಚಹಾ ಕೇಳಿ ಲೋಟ ಎರಡು ನಿಮಿಷ ಕೆಳಗಿಟ್ಟರೆ ಮೇಲೆ ತೆಳ್ಳನೆ ಪೊರೆ ಕಟ್ಟುತ್ತಿತ್ತು. ಕಿಟ್ಟಲಿಯ ಒಳಗೆ ಇಣುಕಿದರೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ತೊಗರಿಯ ನಾಡು ಅದು, ಆದರೆ ಬಾವಿಯ ನೀರಲ್ಲಿ ತೊಗರಿಬೇಳೆ ಬೇಯುವುದು ತಡ. ಸೋಪು ಎಷ್ಟು ತಿಕ್ಕಿದರೂ ನೊರೆ ಇಲ್ಲ.

ಯಾಕೆ ಹಾಗೆ? ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಇಳಿಯುತ್ತದೆ. ತೀರಾ ಸಪ್ಪೆ ಸೋಡಾ ಅಂದುಕೊಳ್ಳಿ. ಆ ಸೋಡಾ ಸುಣ್ಣಕಲ್ಲನ್ನು ಕರಗಿಸುತ್ತದೆ. ಕರಗಿದ ಸುಣ್ಣ ಬಾವಿಗೆ ಬರುತ್ತದೆ, ಬಾವಿಯಿಂದ ಕಿಟ್ಟಲಿಗೆ, ಕಿಟ್ಟಲಿಯಿಂದ ನಿಮ್ಮ ಲೋಟಕ್ಕೆ. ಲಕ್ಷಗಟ್ಟಲೆ ವರ್ಷ ಹೀಗೆ ಕರಗಿದರೆ ಗುಹೆಯಾಗುತ್ತದೆ. ಆಂಧ್ರದ ಬೇಲಂ ಗುಹೆ ಹಾಗಾದದ್ದು, ಒಳಗೆ ಮೂರು ಕಿಲೋಮೀಟರಿಗಿಂತ ಜಾಸ್ತಿ ಉದ್ದ. ಅಷ್ಟು ದೂರ ಬೇಡ ಅಂದರೆ ಕುಮಟಾದ ಯಾಣ ಇದೆ. ಸೊಕ್ಕಿದ್ದವರಿಗೆ ಯಾಣ, ರೊಕ್ಕಿದ್ದವರಿಗೆ ಗೋಕರ್ಣ ಅನ್ನುತ್ತಾರಲ್ಲ, ಆ ಕಪ್ಪು ಬಂಡೆಗಳೂ ಸುಣ್ಣಕಲ್ಲೇ.

ಸರಿ. ಈಗ ನಮ್ಮ ಕಾಸರಗೋಡಿಗೆ ಬನ್ನಿ. ಇಲ್ಲಿ ಸುಣ್ಣಕಲ್ಲು ಇಲ್ಲ, ಇರುವುದು ಮುರಕಲ್ಲು. ಕೆಂಪು ಕಲ್ಲು ಅನ್ನಿ, ಪುಸ್ತಕದವರು ಜಂಬಿಟ್ಟಿಗೆ ಅನ್ನುತ್ತಾರೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800–01ರಲ್ಲಿ ಮೈಸೂರು, ಮಲಬಾರು, ಕೆನರಾ ಎಲ್ಲ ಸುತ್ತಿದ. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ನೋಡಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಹೆಸರು ಅವನದು, ಕಲ್ಲು ನಮ್ಮದು.

ಒಂದು ಮುರಕಲ್ಲಿನ ತುಂಡು ಕೈಗೆತ್ತಿಕೊಳ್ಳಿ. ಮೈಯೆಲ್ಲ ತೂತು, ಜೇನುಗೂಡಿನ ಹಾಗೆ. ಒಂದು ಚಮಚ ನೀರು ಹೊಯ್ಯಿರಿ. ಎಲ್ಲಿ ಹೋಯಿತು? ಒಳಗೆ ಹೋಯಿತು. ಸುಣ್ಣಕಲ್ಲು ಕರಗುತ್ತದೆ, ನಮ್ಮ ಕಲ್ಲು ಕುಡಿಯುತ್ತದೆ. ನಾನು ಮೂವತ್ತು ವರ್ಷ ಕಲಿತ ಭೂವಿಜ್ಞಾನ ಇಷ್ಟೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಗುಡ್ಡೆಯ ಮೇಲಿನ ಕಲ್ಲು ಕುಡಿಯುತ್ತದೆ, ಅಡಿಯಲ್ಲಿರುವ ಶೇಡಿ ಮಣ್ಣು ತಡೆದು ಹಿಡಿಯುತ್ತದೆ, ಬದಿಯಲ್ಲಿ ಎಲ್ಲಾದರೂ ಸಂದು ಸಿಕ್ಕಿದರೆ ಹೊರಗೆ ಬಿಡುತ್ತದೆ. ಸುಣ್ಣ ಸೇರದ ಆ ನೀರು ಮೆದು, ಗಡಸಲ್ಲ. ಅದಕ್ಕೇ ನಮ್ಮ ಕಡೆಯ ಕಣ್ಣ ಚಾ, ಅಂದರೆ ಹಾಲು ಹಾಕದ ಚಾ, ಅಷ್ಟು ತಿಳಿ. ಕಟ್ಟನ್ ಅನ್ನುವವರು ಕಟ್ಟನ್ ಅನ್ನಿ, ನನಗೇನೂ ಜಗಳ ಇಲ್ಲ.

ಇನ್ನು ನಡಿಗೆಯ ವಿಷಯ. ನಾನು ಹೇಳುವುದು ಧರ್ಮತ್ತಡ್ಕದಿಂದ ಪೊಸಡಿಗುಂಪೆ ಹತ್ತಿ ಬಾಯಾರಿನ ಕಡೆ ಇಳಿಯುವುದನ್ನು. ಗುಂಪೆ ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ಸ್ವಲ್ಪ ಮೇಲೆ, ದೊಡ್ಡದೇನಲ್ಲ. ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಕುದುರೆಮುಖದ ಸಾಲು. ಈಗ ಸಂಜೆ ಬೈಕಿನಲ್ಲಿ ಬಂದು, ಸೂರ್ಯನ ಜೊತೆ ಒಂದು ಫೋಟೊ ತೆಗೆದು, ಬಾಟ್ಲಿ ಅಲ್ಲೇ ಎಸೆದು ಹೋಗುವವರು ಜಾಸ್ತಿ. ಅವರಿಗೆ ನಾನು ಹೇಳುವುದು ಏನೂ ಇಲ್ಲ. ಇದೆ, ಆದರೆ ರೇಡಿಯೊದಲ್ಲಿ ಹೇಳುವಂಥದ್ದಲ್ಲ.

ಕೆಲವು ವರ್ಷದ ಹಿಂದೆ, ಮಾರ್ಚ್ ಕೊನೆ. ಬೆಂಗಳೂರಿನಿಂದ ತಂಗಿಯ ಮಗ ಬಂದಿದ್ದ. "ಮಾವ, ನಾನೂ ಬರ್ತೇನೆ" ಅಂದ. ಬೆಳಿಗ್ಗೆ ಆರೂವರೆಗೆ ಧರ್ಮತ್ತಡ್ಕದಲ್ಲಿ ಒಂದು ಚಾ, ಎರಡು ಬನ್ಸ್. ಅವನ ಬೆನ್ನಿನ ಚೀಲದಲ್ಲಿ ಅಂಗಡಿಯ ನೀರಿನ ಮೂರು ಬಾಟ್ಲಿ. ಗುಂಪೆಯ ತಲೆ ಮುಟ್ಟುವಾಗ ಮೂರೂ ಖಾಲಿ. ಇಳಿಯುವಾಗ ಅವನು ಮೊಬೈಲು ನೋಡಿ ದಾರಿ ಹೇಳಿದ, ನಾನು ಮರ್ಯಾದೆಗೆ ಸುಮ್ನೆ ಕೇಳಿದೆ. ಒಂದು ಗೇರು ಗುಡ್ಡೆಯ ಒಳಗೆ ಹೊಕ್ಕೆವು. ಅಲ್ಲಿಗೆ ದಾರಿ ಮುಗಿಯಿತು, ಮೊಬೈಲಿನ ಸಿಗ್ನಲ್ ಸಹ. ಹನ್ನೊಂದು ಗಂಟೆಯ ಬಿಸಿಲು. ಕೆಳಗಿನ ಕಲ್ಲು ಚಪ್ಪಲಿ ದಾಟಿ ಸುಡುತ್ತಿತ್ತು. "ಮಾವ, ಇದು ಯಾವ ಊರು?" ಅಂತ ಕೇಳಿದ. "ಬಾಯಾರು" ಅಂದೆ. "ಅದು ನನಗೂ ಆಗಿದೆ, ಊರಿನ ಹೆಸರು ಹೇಳಿ" ಅಂದ!

ಹಾಗೇ ಇಳಿಯುತ್ತ ಬಂದಾಗ ನಾಯಿ ಬೊಗಳಿತು. ನಾಯಿ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ನೀರು. ಅಂಗಳದಲ್ಲಿ ಅಡಿಕೆ ಒಣಹಾಕಿತ್ತು, ಅದರ ನಡುವೆ ಒಬ್ಬರು ಅಜ್ಜಿ. ಯಾರು, ಎಂತ ಎಂದು ಕೇಳಲಿಲ್ಲ. "ಬಿಸಿಲಲ್ಲಿ ಎಂತ ತಿರುಗುವುದು, ಜಗಲಿಗೆ ಬನ್ನಿ" ಅಂದರು. ಒಂದು ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು. ನಮ್ಮ ಹುಡುಗ ಚೊಂಬು ನೋಡಿದ, ನನ್ನ ಮುಖ ನೋಡಿದ, ಮೆಲ್ಲ ಕೇಳಿದ: "ಫಿಲ್ಟರ್ ವಾಟರಾ?" ಅಜ್ಜಿಯ ಕಿವಿ ಚುರುಕು. "ಹೌದು ಮಗ, ದೊಡ್ಡ ಫಿಲ್ಟರು. ನೀನು ಈಗ ಇಳಿದು ಬಂದದ್ದು ಅದರ ಮೇಲಿಂದಲೇ."

ಆಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋದರು. ಧರೆಯ ಬುಡದಲ್ಲಿ ಸುರಂಗ. ಒಬ್ಬ ಮನುಷ್ಯ ಭುಜ ಓರೆ ಮಾಡಿ ಹೋಗುವಷ್ಟು ಅಗಲ, ಆಳೆತ್ತರ. ಕೇಳುಗರಲ್ಲಿ ಹೊರಗಿನವರು ಇದ್ದರೆ ಹೇಳುತ್ತೇನೆ, ಸುರಂಗ ಅಂದರೆ ರೈಲಿನದಲ್ಲ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಬಾವಿ. ಪಿಕ್ಕಾಸಿನಲ್ಲಿ ಅಗೆಯುವುದು, ಮಣ್ಣು ಬುಟ್ಟಿಯಲ್ಲಿ ಹೊರುವುದು. ಒಳಗೆ ಮೇಣದ ಬತ್ತಿ ಹಚ್ಚಿಟ್ಟುಕೊಂಡೇ ಅಗೆಯುತ್ತಾರೆ. ಬತ್ತಿ ನಂದಿದರೆ ಗಾಳಿ ಸಾಲದು ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ನೀರು ಸಿಕ್ಕಿತೋ, ಪಂಪು ಬೇಡ, ಕರೆಂಟು ಬೇಡ, ತಾನಾಗಿ ಹರಿದು ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಇಂಥವು ಸಾವಿರಗಟ್ಟಲೆ ಇವೆ. ಬಾಯಾರಿನ ಆಸುಪಾಸಿನಲ್ಲಂತೂ ಮನೆಮನೆಗೆ ಅಂದರೂ ತಪ್ಪಿಲ್ಲ.

ಮೊದಲು ಅಡಿಕೆ ಮರದ ದಂಬೆ ಇತ್ತಂತೆ, ಈಗ ಕಪ್ಪು ಪೈಪು. ಅದರ ಬಾಯಿಂದ ಕಿರುಬೆರಳು ದಪ್ಪ ನೀರು ಕಲ್ಲಿನ ತೊಟ್ಟಿಗೆ ಬೀಳುತ್ತಿತ್ತು. ಹುಡುಗ ಮಂಡಿಯೂರಿ ಸುರಂಗದ ಬಾಯಿಗೆ ಮುಖ ಹಿಡಿದ. ಒಳಗಿಂದ ತಂಪು ಗಾಳಿ, ಬಾವಲಿ ವಾಸನೆ. ಅಲ್ಲಿಂದ ಏಳಲೇ ಇಲ್ಲ ಅವನು.

ನಾನು ನನ್ನ ವಿದ್ಯೆ ಶುರು ಮಾಡಿದೆ. "ಅಕ್ಕ, ಇದು ಜಂಬಿಟ್ಟಿಗೆ, ಇದರ ಅಡಿಯಲ್ಲಿ..." ಎಂದೆ. ಅಜ್ಜಿ ಅರ್ಧಕ್ಕೇ ತಡೆದರು. "ಅದೆಲ್ಲ ನನಗೆ ಗೊತ್ತಿಲ್ಲ. ಮೊದಲು ನಾನು ಕೊಡ ಇಟ್ಟು ಒಂದು ವೀಳ್ಯ ಹಾಕಿ ಉಗಿಯುವಷ್ಟರಲ್ಲಿ ತುಂಬುತ್ತಿತ್ತು. ಈಗ ಎರಡು ವೀಳ್ಯ ಬೇಕು." ಯಾವಾಗಿನಿಂದ ಎಂದು ಕೇಳಿದೆ. "ಮೇಲಿನ ಪದವಿನಲ್ಲಿ ಒಂದು ಪಳ್ಳ ಇತ್ತು. ಮಳೆಗಾಲದಲ್ಲಿ ದನ ಈಜುವಷ್ಟು ನೀರು. ಕಲ್ಲಿನ ಕೋರೆಯವರು ಅದಕ್ಕೆ ಮಣ್ಣು ತುಂಬಿಸಿದರು. ಮರುವರ್ಷದಿಂದ ಹೀಗೆ." ಪದವು ಅಂದರೆ ಗುಡ್ಡೆಯ ಮೇಲಿನ ಕಲ್ಲು ಬಯಲು, ಪಳ್ಳ ಅಂದರೆ ಅದರಲ್ಲಿ ಮಳೆನೀರು ನಿಲ್ಲುವ ಹೊಂಡ.

ಬಕೆಟು ಇಟ್ಟು, ಗಡಿಯಾರ ಹಿಡಿದು, ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ನೋಡಿ ನೀರಿನ ಹರಿವು ಲೆಕ್ಕ ಹಾಕುವುದನ್ನು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಅಜ್ಜಿ ಅದನ್ನೇ ವೀಳ್ಯದೆಲೆಯಲ್ಲಿ ಮಾಡುತ್ತಿದ್ದರು, ಅದೂ ಐವತ್ತು ವರ್ಷದಿಂದ, ದಿನಕ್ಕೆ ಎರಡು ಸಲ. ಅಷ್ಟು ಉದ್ದದ ಲೆಕ್ಕ ನನ್ನ ಯಾವ ಫೈಲಿನಲ್ಲೂ ಇಲ್ಲ.

ಆಮೇಲೆ "ಆಸರಿಗೆ ಎಂತ ಮಾಡಲಿ?" ಅಂದರು. ಕಣ್ಣ ಚಾ ಮಾಡಿ ಕೊಟ್ಟರು. ಹುಡುಗ ಎರಡು ಲೋಟ ಕುಡಿದ. ಖಾಲಿ ಬಾಟ್ಲಿ ಮೂರನ್ನೂ ಪೈಪಿನ ಕೆಳಗೆ ಹಿಡಿದು ತುಂಬಿಸಿಕೊಂಡ.

ಅಜ್ಜಿಯ ಕಥೆಯಲ್ಲೇ ನನ್ನ ಹೊತ್ತು ಮುಕ್ಕಾಲು ಹೋಯಿತು. ಬರೆದು ತಂದ ಬೇರೆ ಹಾಳೆಗಳಿವೆ, ಓಡಿಸುತ್ತೇನೆ.

ಈ ಪದವಿನ ಬಯಲನ್ನು ಬರಡು ಅನ್ನಬೇಡಿ. ಇದು ನನ್ನ ವಿನಂತಿ ಅಲ್ಲ, ಸ್ವಲ್ಪ ಸಿಟ್ಟೇ. ಸರ್ಕಾರಿ ಕಾಗದದಲ್ಲಿ ಬಂಜರು, ಜನರ ಬಾಯಲ್ಲಿ ಬರಡು. ಆಗಸ್ಟಿನಲ್ಲಿ ಒಮ್ಮೆ ಹೋಗಿ ನೋಡಿ, ಕಾಲಿಡಲು ಜಾಗ ಇಲ್ಲದ ಹಾಗೆ ಸಾಸಿವೆ ಗಾತ್ರದ ನೀಲಿ, ಬಿಳಿ ಹೂ. ಪಳ್ಳ ತುಂಬ ಕಪ್ಪೆ. ಮೇಲೆ ಆ ಪಳ್ಳ ಇದ್ದರೆ ಕೆಳಗೆ ನಿಮ್ಮ ತೋಟ. ಮಂಜೇಶ್ವರ ಹೊಳೆಯ ಉದ್ದ ಬರೇ 16 ಕಿಲೋಮೀಟರ್, ಇಡೀ ಕೇರಳದಲ್ಲೇ ಗಿಡ್ಡ ಹೊಳೆ. ಹೊಳೆಗೆ ನೀರು ಕೂಡಿಡಲು ಅಲ್ಲಿ ಅಣೆಕಟ್ಟು ಬೇಕಿಲ್ಲ, ಗುಡ್ಡೆಯೇ ಸಾಕು. ಗುಡ್ಡೆ ಇದ್ದರೆ.

ಹೋಗುವ ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಪಾರೆಯ ಮೇಲೆ ಪಾಚಿ, ಜಾರಿದರೆ ಸೊಂಟಕ್ಕೆ ಕೇಡು. ಬೆಳಿಗ್ಗೆ ಬೇಗ ಹೊರಡಿ. ಸುರಂಗದ ಒಳಗೆ ನುಗ್ಗಬೇಡಿ, ಯಾರದೋ ಕುಡಿಯುವ ನೀರು ಅದು. ಭಾಷೆಯ ಚಿಂತೆ ಬೇಡ, ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ದಾರಿ ಹೇಳುತ್ತಾರೆ. ಮೊಬೈಲಿಗಿಂತ ಸರಿ ಹೇಳುತ್ತಾರೆ. ಚಾದ ಅಂಗಡಿಗಳು ಹೆಚ್ಚಾಗಿ ಗುಡ್ಡೆಯ ಬುಡದಲ್ಲೇ ಇರುತ್ತವೆ. ಅದು ಆಕಸ್ಮಿಕ ಅಲ್ಲ, ನೀರು ಹೊರಗೆ ಬರುವುದು ಅಲ್ಲೇ ಅಲ್ವಾ?

ತಂಗಿಯ ಮಗ ಮೊನ್ನೆ ಬೆಂಗಳೂರಿನಿಂದ ಫೋನ್ ಮಾಡಿದ್ದ. ಆಫೀಸಿನ ಹತ್ತಿರದ ಚಾದ ಅಂಗಡಿಯಲ್ಲಿ ನನ್ನ ಪ್ರಶ್ನೆ ಕೇಳಿದನಂತೆ. ಅಂಗಡಿಯವನು ತಲೆ ಎತ್ತದೆ "ಟ್ಯಾಂಕರ್" ಅಂದನಂತೆ. ಟ್ಯಾಂಕರಿಗೆ ಎಲ್ಲಿಂದ ಎಂದು ಕೇಳಿದೆಯಾ ಅಂದೆ. ನಾಳೆ ಕೇಳುತ್ತೇನೆ ಅಂದಿದ್ದಾನೆ.

ನಮಸ್ಕಾರ.